ಮಾವ ಬೆನ್ನು ತಿರುಗಿಸಿ ಕೂತ ಸಿನಿಮಾ

ಒಣಹೊಳೆ ಕ್ಯಾಂಪು
ಶುಕ್ರವಾರ, 14 ಜೂನ್ 1996

ನನ್ನ ತಂಗಿ ಕೋರಲಿಗೆ,

ಮೊದಲು ಕೊಟ್ಟ ಮಾತು, ಮುರಿದ ಮಾತು. ಉಳಿದದ್ದು ಆಮೇಲೆ.

ಸಿನಿಮಾದವರು ನಮ್ಮ ಅವ್ವನಿಗೆ ಪಾತ್ರ ಕೊಟ್ಟಾಗ, 'ಪರದೆಯ ಮೇಲೆ ನಿನ್ನ ಹೆಸರು ಬರುತ್ತದೆ' ಎಂದಿದ್ದರು. ಬರಲಿಲ್ಲ. 'ಕಪ್ಪು ಹುಡುಗಿ' ಎಂದು ಬಂತು, ಅದೂ ಕುದುರೆ ಒದಗಿಸಿದವನ ಹೆಸರಿನ ಕೆಳಗೆ. 'ನಿನ್ನ ದನಿಯಲ್ಲೇ ನೀನು ಮಾತಾಡುತ್ತೀಯ' ಎಂದಿದ್ದರು. ಸಿಡ್ನಿಯಲ್ಲಿ ಯಾವಳೋ ಬಿಳಿ ಹೆಂಗಸನ್ನು ಕೂರಿಸಿ ಅವಳ ದನಿಯನ್ನು ಅವ್ವನ ಬಾಯಿಗೆ ಅಂಟಿಸಿದರು. 'ಊರಿನ ಟಾಕೀಸಿನಲ್ಲಿ ಮೊದಲ ದಿನ ನಾಯಕಿಯ ಪಕ್ಕದ ಕುರ್ಚಿ ನಿನ್ನದು' ಎಂದಿದ್ದರು. ದೀಪ ಆರಿದ ಮೇಲೆ ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟು, ಬಿಳಿಯರನ್ನು ಬೇರೆಮಾಡುವ ಹಗ್ಗದ ಈಚೆ, ಪರದೆಯ ಬುಡದಲ್ಲಿ ಮೂಲನಿವಾಸಿಗಳಾದ ನಮ್ಮವರಿಗೆ ಹಾಕಿದ್ದ ಬೆಂಚಿನ ಮೇಲೆ ಕೂರಿಸಿದರು. ಅಷ್ಟು ಹತ್ತಿರದಿಂದ ಕತ್ತೆತ್ತಿ ತನ್ನ ಮೂಗಿನ ಹೊಳ್ಳೆಯನ್ನಷ್ಟೇ ನೋಡಿಕೊಂಡು ಬಂದಳಂತೆ. ಎಲ್ಲರಿಗಿಂತ ಮೊದಲು ನಿಮ್ಮ ಜನಕ್ಕೆ, ನಿಮ್ಮ ಕ್ಯಾಂಪಿನಲ್ಲೇ ತೋರಿಸುತ್ತೇವೆ ಎಂದಿದ್ದರು. ಆ ರೀಲಿನ ಡಬ್ಬಿ ಮೊನ್ನೆ ಬುಧವಾರ ಬಂತು. ನನ್ನ ತಲೆ ನೆರೆತ ಮೇಲೆ.

ಅವ್ವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೀನು ಅಡಿಲೇಡಿನ ಬಿಳಿಯರ ಮನೆಯಲ್ಲಿ ಬೆಳೆದವಳು, ಸತ್ತವರ ಹೆಸರು ಕೂಗಬಾರದೆಂಬುದು ನಿನಗೆ ದೊಡ್ಡವಳಾದ ಮೇಲೆ ಗೊತ್ತಾದದ್ದು. ಅದು ನಿನ್ನ ತಪ್ಪಲ್ಲ. ಕಪ್ಪು ಮಕ್ಕಳನ್ನು ಬಿಳಿಯರಂತೆ ಬೆಳೆಸುತ್ತೇವೆಂದು ಎರಡು ವರ್ಷದ ಕೂಸನ್ನು ಪೊಲೀಸ್ ಜೀಪಿನಲ್ಲಿ ಎತ್ತಿಕೊಂಡು ಹೋದವರ ತಪ್ಪು. ಅವ್ವ ಹೋದಾಗ ನಾವು ಹೆಸರನ್ನು ನೆಲಕ್ಕಿಟ್ಟೆವು. ಇದ್ದ ಎರಡು ಫೋಟೋ ಸುಟ್ಟೆವು. ಗುಡಿಸಲ ಮುಂದಿನ ಅವಳ ಹೆಜ್ಜೆಗಳನ್ನೂ ಸೊಪ್ಪಿನ ಕೊಂಬೆಯಿಂದ ಗುಡಿಸಿದೆವು, ಜೀವ ಹಿಂತಿರುಗಿ ನೋಡದೆ ಹೋಗಲಿ ಎಂದು. ಅವ್ವನ ತಂಗಿ ಚಿಕ್ಕವ್ವ ಹೋದಾಗಲೂ ಹಾಗೇ ಮಾಡಿದೆವು.

ಉಳಿದದ್ದು ಆ ಸಿನಿಮಾ ಒಂದೇ. ಅದನ್ನು ಎಲ್ಲಿ ಹಾಕಿದರೂ ನಾನು ಫಲಕ ಹಿಡಿದು ಬಾಗಿಲಲ್ಲಿ ನಿಂತೆ. 'ನಮ್ಮ ಸತ್ತವರನ್ನು ಟಿಕೆಟ್ಟಿಗೆ ಮಾರಬೇಡಿ' ಎಂಬ ಘೋಷಣೆ ನನ್ನದೇ. ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಮುಂದಿನ ಹುಲ್ಲಿನ ಮೇಲೆ ನಾವು ನೆಲದ ಹಕ್ಕು ಕೇಳಿ ಡೇರೆ ಹಾಕಿ ಕೂತ ಕಾಲದಲ್ಲಿ ಹುಟ್ಟಿದ್ದು. ಒಂದೊಂದೇ ಟಾಕೀಸು ಹೆದರಿ ಅದನ್ನು ತೋರಿಸುವುದನ್ನು ಬಿಟ್ಟಿತು. ಗೆದ್ದೆವು ಎಂದುಕೊಂಡೆ.

ಆದರೆ ಆಮೇಲೆ ಬಂತು ನಿನ್ನ ಹಿಂದಿನ ಕಾಗದ. ಆ ಮನೆಯಲ್ಲಿದ್ದಾಗ ಶನಿವಾರದ ಮ್ಯಾಟಿನಿಗೆ ಹೋಗಿ, ಪರದೆಯ ಮೇಲೆ ಬಂದ ಒಬ್ಬೊಬ್ಬ ನಟಿಯನ್ನೂ ಅವ್ವ ಎಂದುಕೊಂಡು ನೋಡುತ್ತಿದ್ದೆ ಎಂದು ಬರೆದಿದ್ದೀಯ. ಭುಜಕ್ಕೆ ಹತ್ತಿ ತುಂಬಿದ ಕೋಟಿನವಳು, ಮಳೆಯಲ್ಲಿ ಟ್ಯಾಕ್ಸಿಗೆ ಕೈ ಬೀಸುವವಳು, ಅಳುವಾಗಲೂ ಕಣ್ಣಿನ ಕಪ್ಪು ಕರಗದವಳು. ಒಬ್ಬಳೂ ಹೊಂದಲಿಲ್ಲ, ಎಲ್ಲರೂ ಬಿಳುಪು ಎಂದು ಬರೆದಿದ್ದೀಯ. ಕೊನೆಗೆ ಒಂದು ಸಾಲು: 'ನಿಜವಾದ ಅವ್ವನೇ ಸಿನಿಮಾದಲ್ಲಿದ್ದಾಳೆ, ನೀನು ಬಾಗಿಲಿಗೆ ಅಡ್ಡ ನಿಂತಿದ್ದೀಯ. ನನಗೆ ಮುಖ ಬೇಕು ಅಕ್ಕಾ.' ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಆದರೆ ಏನು ಬರೆಯಬೇಕೆಂಬುದು ಇನ್ನೂ ತಿಳಿದಿಲ್ಲ.

ನಡೆದದ್ದು ಹೀಗೆ. ಹಳೆಯ ಚಿತ್ರಗಳನ್ನು ತೊಳೆದು, ಹರಿದದ್ದನ್ನು ಕೂಡಿಸಿ ಇಡುವ ಒಂದು ಸಂಸ್ಥೆಯಿಂದ ಬ್ರಯೋನಿ ಎಂಬ ಹುಡುಗಿ ಬಂದಿದ್ದಾಳೆ. ಅವ್ವನಿದ್ದ ಆ 'ಉಪ್ಪಿನ ಬಯಲು' ಚಿತ್ರವನ್ನು ಹೊಸದರಂತೆ ಮಾಡಿದ್ದಾರೆ. ಮನೆಯವರು ಒಪ್ಪಿದರೆ ಸಿಡ್ನಿಯ ಉತ್ಸವದಲ್ಲಿ ತೋರಿಸುತ್ತಾರೆ, ಈ ಸಲ ಹೆಸರು ಹಾಕಬಹುದೋ ಬಾರದೋ ಎಂದೂ ನಮ್ಮನ್ನೇ ಕೇಳುತ್ತಾರೆ. ಒಪ್ಪದಿದ್ದರೆ ಡಬ್ಬಿಗೆ ಬೀಗ. ಯಾರಿಗೂ ತೋರಿಸುವುದಿಲ್ಲ, ಕೋರಲಿ, ನಿನಗೂ. ನಾನು ಒಪ್ಪುವುದಿಲ್ಲ ಎಂದು ಹೇಳಲು ಹೋದರೆ ಆ ಹುಡುಗಿ ಮೆಲ್ಲಗೆ, "ಮಗಳು ಆಗಲೇ ಒಪ್ಪಿಗೆ ಕೊಟ್ಟಿದ್ದಾರಲ್ಲಾ," ಎಂದಳು.

ಯಾವ ಮಗಳು ಎಂದೆ. ಡಲ್ಸಿ ಎಂದಳು.

ನಮ್ಮ ಚಿಕ್ಕವ್ವನ ಮಗಳು. ಬಾಳೆಹಣ್ಣಿನ ಬಣ್ಣದ ಕಾರಿನವಳು. ಸೀದಾ ಅವಳ ಮನೆಗೆ ಹೋದೆ. ಕೆಂಡದೊಳಗಿಂದ ಡ್ಯಾಂಪರ್ ರೊಟ್ಟಿ ತೆಗೆದು ಬೂದಿ ಬಡಿಯುತ್ತಿದ್ದಳು, ನನ್ನ ಮುಖ ನೋಡಿಯೂ ನಿಲ್ಲಿಸಲಿಲ್ಲ.

"ನೀನು ಹೆಂಗೆ ಮಗಳಾದೆಯೇ?" ಎಂದೆ.

"ಅಕ್ಕಾ, ಮೈಕ್ ಹಿಡ್ಕೊಂಡು ಊರೂರಲ್ಲಿ ನೀನೇ ಹೇಳ್ಲಿಲ್ವಾ? ಚಿಕ್ಕವ್ವ ದೊಡ್ಡವ್ವ ಅಂದ್ರೂ ಅವ್ವಾನೇ, ಅವಳ ಮಕ್ಕಳೂ ಒಡಹುಟ್ಟಿದೋರೇ, ದೂರದ ನೆಂಟರು ಅಂತ ಬರ್ಕೊಳೋದು ಬಿಳಿಯರ ಚಾಳಿ ಅಂತ. ನಾನೂ ಚಪ್ಪಾಳೆ ಹೊಡ್ದಿದ್ದೆ. ಈಗ ನಂಗೆ ಸಹಿ ಹಾಕೋ ಟೈಮು ಬಂದಾಗ ನಾನು ನೆಂಟಳು ಆಗ್ಬಿಟ್ನಾ?"

ಅದು ನನ್ನದೇ ಭಾಷಣ. ಸರ್ಕಾರದ ಎದುರು ಇಪ್ಪತ್ತು ವರ್ಷ ಬೀಸಿದ ಕೋಲು ತಿರುಗಿ ನನ್ನ ಮೊಣಕಾಲಿಗೇ ಬಡಿಯಿತು. ರೊಟ್ಟಿ ಮುರಿದು ಕೊಟ್ಟಳು. ತಿಂದೆ. ಸಿಟ್ಟಿನಲ್ಲೂ ತಿಂದೆ.

"ನೋಡದೇನೇ ಬೇಡ ಅಂತೀಯ. ನೋಡಿ ಬೇಡ ಅನ್ನು, ನಾನೇ ಆ ಸಹಿ ಹರಿದು ಹಾಕ್ತೀನಿ," ಎಂದಳು ಡಲ್ಸಿ.

ಹೀಗೆ ಬುಧವಾರ ಮಧ್ಯಾಹ್ನ ಕ್ಯಾಂಪಿನ ಸಭೆಯ ಹಾಲ್‌ನಲ್ಲಿ ಕಂಬಳಿ ಹೊಚ್ಚಿ ಕಿಟಕಿ ಮುಚ್ಚಿದರು. ಬೇರೆ ಯಾರನ್ನೂ ಬಿಡಲಿಲ್ಲ. ನಾನು, ಡಲ್ಸಿ, ಯಂತ್ರದ ಹತ್ತಿರ ಬ್ರಯೋನಿ, ಮತ್ತೆ ಕ್ಲೆಮ್ ಮಾವ. ಅವ್ವನ ಕಡೆ ಉಳಿದಿರುವ ಗಂಡು ಅವನೊಬ್ಬನೇ. ಅವನು ಶೋಕ ಮುಗಿಯಿತು ಎನ್ನುವವರೆಗೆ ಸತ್ತವರ ಹೆಸರು, ಮುಖದ ಮೇಲಿನ ಕಟ್ಟು ಸಡಿಲುವುದಿಲ್ಲ, ಯಾವ ಮಗಳ ಸಹಿಗೂ ಬೆಲೆಯಿಲ್ಲ. ಆದರೆ ನಮ್ಮಲ್ಲಿ ವಯಸ್ಸಿಗೆ ಬಂದ ಗಂಡು ತನ್ನ ಅಕ್ಕತಂಗಿಯ ಮುಖ ನೆಟ್ಟು ನೋಡುವಂತಿಲ್ಲ, ಹೆಸರು ಹಿಡಿದು ಮಾತಾಡಿಸುವಂತಿಲ್ಲ. ಬದುಕಿದ್ದಾಗ ಇದ್ದ ಮರ್ಯಾದೆ ಸತ್ತ ಮೇಲೆ ತಪ್ಪುತ್ತದೆಯೇ? ಮಾವ ಕುರ್ಚಿಯನ್ನು ಎತ್ತಿ ತಿರುಗಿಸಿ ಹಾಕಿಕೊಂಡ. ಪರದೆಗೆ ಬೆನ್ನು, ಗೋಡೆಗೆ ಮುಖ, ಕೈಯಲ್ಲಿ ಚಹಾದ ಮಗ್ಗು. ಸಿನಿಮಾ ಪೂರ್ತಿ ಹಾಗೇ ಕೂತ. ಬ್ರಯೋನಿ ಕುರ್ಚಿ ಸರಿಮಾಡಿ ಕೊಡಲು ಬಂದಳು. ಡಲ್ಸಿ ಅವಳ ಕೈ ಹಿಡಿದು ಕೂರಿಸಿದಳು.

ಈಗ ಸಿನಿಮಾದ ಮಾತು. ಕಥೆ ಹೊಲಸು. ದನದ ಫಾರಮ್ಮಿನ ಯಜಮಾನನ ಹೆಂಡತಿ ಮರಳುಗಾಡಿನಲ್ಲಿ ದಾರಿ ತಪ್ಪುತ್ತಾಳೆ, ಮನೆಗೆಲಸದ ನೋರಾ, ಅದೇ ಅವ್ವನ ಪಾತ್ರ, ಅವಳನ್ನು ಹುಡುಕಿ ಉಪ್ಪಿನ ಬಯಲು ದಾಟಿಸುತ್ತಾಳೆ, ಯಜಮಾನಿ ಬದುಕುತ್ತಾಳೆ, ನೋರಾ ಸಾಯುತ್ತಾಳೆ. ಬಿಳಿಯರ ಚಿತ್ರದಲ್ಲಿ ನಮ್ಮವರು ಒಳ್ಳೆಯವರಾಗಿದ್ದರೆ ಸಾಯಲೇಬೇಕು, ಕೆಟ್ಟವರಾಗಿದ್ದರೂ ಸಾಯಬೇಕು. ಯಜಮಾನಿಯಾಗಿ ಫೇರ್‌ಲಿ ಎಂಬ ನಾಯಕಿ ಹುಬ್ಬಿನಲ್ಲಿ ನಟಿಸುತ್ತಾಳೆ. ಹುಬ್ಬು ಏರಿದರೆ ಭಯ, ಇಳಿದರೆ ಪ್ರೀತಿ. ನೋರಾ ಬಾಯಿ ತೆರೆದರೆ ಆ ಅಂಟಿಸಿದ ದನಿ.

ಮಾವ ಗೋಡೆಗೆ ಹೇಳಿದ: "ಇದ್ಯಾರೇ ಇದು, ನೆಗಡಿಯಾದ ಗಿಳಿ ಥರ ಮಾತಾಡ್ತಾವಳೆ?"

"ನಿನ್ ಅಕ್ಕ ಅಂತೆ, ಮಾವ," ಎಂದಳು ಡಲ್ಸಿ.

"ನಮ್ಮನೇಲಿ ಯಾರ್ಗೂ ನೆಗಡಿ ಇರ್ಲಿಲ್ಲ ಬಿಡು."

ಇಷ್ಟನ್ನೂ ನಾನು ಮೊದಲೇ ಎಣಿಸಿದ್ದೆ. ಬೈಗುಳ ಸಿದ್ಧಮಾಡಿಕೊಂಡೇ ಹೋಗಿದ್ದೆ. ಸಿದ್ಧವಿಲ್ಲದೆ ಸಿಕ್ಕಿಬಿದ್ದದ್ದು ಬೇರೆ ಕಡೆ. ಅದು ಇಷ್ಟು ಚಂದ ಇರುತ್ತದೆಂದು ಯಾರೂ ಹೇಳಿರಲಿಲ್ಲ, ಕೋರಲಿ.

ನಿರ್ದೇಶಕನ ಹೆಸರು ವೆನ್‌ಲಾಕ್. ಸತ್ತು ಬಹಳ ಕಾಲವಾಯಿತು, ಅವನ ಹೆಸರಿಗೆ ನಮ್ಮ ನಿಯಮವಿಲ್ಲ. ಆ ಮನುಷ್ಯ ನೋರಾ ಹಿಟ್ಟು ನಾದುವುದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾನೆ. ಅಷ್ಟೇ, ಹಿಟ್ಟು ನಾದುವುದು. ಬಾಗಿಲಿನ ಬೆಳಕು ಹಿಂದಿನಿಂದ ಬಿದ್ದು ಮೊಣಕೈಯ ಅಂಚು ಬೆಳ್ಳಗೆ ಹೊಳೆಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ನಡುವೆ ಕತ್ತರಿಸಿ ಯಜಮಾನಿಯ ಹುಬ್ಬು ತೋರಿಸುತ್ತಿದ್ದರು. ಇವನು ಕತ್ತರಿಸುವುದಿಲ್ಲ. ಕಾಯುತ್ತಾನೆ. ಹೊರಗೆ ಗಾಡಿಯ ಸದ್ದಾಗುತ್ತದೆ, ನೋರಾ ತಲೆ ಎತ್ತುವುದಿಲ್ಲ, ಕೈ ಮಾತ್ರ ನಿಲ್ಲುತ್ತದೆ. ಆ ನಿಂತ ಕೈಯಲ್ಲಿ ಎಲ್ಲ ಇದೆ. ಯಾರು ಬಂದರು, ಯಾರನ್ನು ಒಯ್ಯಲು ಬಂದರು, ಎಲ್ಲಿ ಬಚ್ಚಿಡಲಿ, ಎಲ್ಲ. ನಮ್ಮ ಕ್ಯಾಂಪಿನ ಪ್ರತಿ ತಾಯಿಯ ಕೈಯೂ ಜೀಪಿನ ಸದ್ದಿಗೆ ಹಾಗೆಯೇ ನಿಲ್ಲುತ್ತಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲು ಸಾಧ್ಯವಿಲ್ಲ. ಆದರೆ ಅದನ್ನು ಕಂಡು, ಇದೇ ಸಾಕು ಎಂದು ಕ್ಯಾಮೆರಾ ಅಲ್ಲಾಡಿಸದೆ ನಿಂತವನು ಅವನೇ.

ಉಪ್ಪಿನ ಬಯಲಿನ ಮೇಲೆ ನಡೆಯುವ ದೃಶ್ಯ ಇದೆ. ಯಜಮಾನಿ ಮುಂದೆ, ನೋರಾ ಹಿಂದೆ. ಮುಂದಿನವಳು ನಾಯಕಿ, ಕಣ್ಣು ಹೋಗುವುದು ಹಿಂದಿನವಳ ಮೇಲೆ. ಬಿಳಿ ನೆಲ, ಬಿಳಿ ಆಕಾಶ, ನಡುವೆ ಒಂದು ಕಪ್ಪು ಗೀಟಿನಂತೆ ಅವಳು. ಇಡೀ ಪರದೆಗೆ ಆಧಾರ ಅವಳೇ, ಅವಳು ಬಿದ್ದರೆ ಚಿತ್ರವೇ ಮಡಚಿ ಬೀಳುತ್ತದೆ ಎನ್ನುವಂತೆ ತೆಗೆದಿದ್ದಾನೆ. ಸಿನಿಮಾ ಅನ್ನುವುದು ಬಂದೂಕು ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ. ಹೇಳಿ ಮುಗಿಸಿ, ಸಿಡ್ನಿಯಲ್ಲಿ ಮೆರವಣಿಗೆ ಚದುರಿದ ಮೇಲೆ, ಒಬ್ಬಳೇ ಹೋಗಿ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಕೂರುತ್ತಿದ್ದೆ. ಇದು ನಿನಗೆ ಗೊತ್ತಿರಲಿಲ್ಲ. ಮ್ಯಾಟಿನಿಯ ಹುಚ್ಚು ನಿನ್ನೊಬ್ಬಳಿಗೇ ಅಲ್ಲ, ರಕ್ತದಲ್ಲೇ ಇದೆ.

ಚಿತ್ರ ಅರ್ಧವಾದಾಗ ಬ್ರಯೋನಿ ರೀಲು ಬದಲಿಸಲು ನಿಲ್ಲಿಸಿದಳು. ಆಗಿನ ಪತ್ರಿಕೆಗಳು ಈ ನಟಿಯನ್ನು ಬಹಳ ಹೊಗಳಿದ್ದವು ಎಂದಳು. 'ಒಂದೇ ಮುಖದಲ್ಲಿ ಎರಡು ಜೀವ' ಎಂದು ಒಬ್ಬ ಬರೆದಿದ್ದನಂತೆ. ಒಂದು ದೃಶ್ಯದಲ್ಲಿ ಕಲ್ಲು, ಮುಂದಿನದರಲ್ಲಿ ನೀರು ಎಂದು.

ಮಾವನಿಗೆ ನಗು ತಡೆಯಲಾಗಲಿಲ್ಲ. ಚಹಾ ಚೆಲ್ಲಿಕೊಂಡ.

"ಎರಡು ಜೀವ ಅಲ್ಲ ಕಣವ್ವ, ಎರಡು ಆಳು, ಅಕ್ಕತಂಗೀರಿಬ್ರೂ. ದೊಡ್ಡೋಳು ಬಸುರಿ ಆಗ. ಬೆಳಿಗ್ಗೆ ಎದ್ದು ವಾಂತಿ ಮಾಡ್ಕೊಂಡ ದಿನ ಚಿಕ್ಕೋಳು ಅದೇ ಲಂಗ ಹಾಕ್ಕೊಂಡು ಹೋಗೋಳು. ಆ ಕೆಂಪು ಮೂತಿ ಸಾಹೇಬ ಒಂದಿನಾನೂ ಕೇಳ್ಲಿಲ್ಲ. 'ಇವತ್ತು ಭಾಳ ಚೆನ್ನಾಗಿ ಮಾಡ್ದೆ ನೋರಾ' ಅಂತ ಬೆನ್ನು ತಟ್ಟೋನು. ಇವರಿಬ್ರೂ ಸಾಯಂಕಾಲ ಬೆಂಕಿ ಮುಂದೆ ಕೂತು ಹೊಟ್ಟೆ ಹಿಡ್ಕೊಂಡು ನಗೋರು."

ಬ್ರಯೋನಿ ಬಿಳುಚಿಕೊಂಡಳು, ಅವಳ ಬಿಳುಪಿನಲ್ಲಿ ಅದು ಕಾಣುವುದಾದರೆ. ಡಲ್ಸಿ ನನ್ನ ಕಡೆ ತಿರುಗಿ ಕೇಳಿದಳು, "ಈಗ ಹೇಳಕ್ಕಾ, ನಾನು ಹೆಂಗೆ ಮಗಳಾದೆ?"

ನಾನೂ ನಕ್ಕೆ. ಅವ್ವನ ಹೊಟ್ಟೆಯಲ್ಲಿದ್ದದ್ದು ನೀನು, ಕೋರಲಿ. ಪತ್ರಿಕೆಯವರು ಹೊಗಳಿದ ಆ ಎರಡು ಜೀವದ ನಟನೆಗೆ ಕಾರಣ ನೀನು. ಆದರೆ ನಗು ಇಳಿದ ಮೇಲೆ ತಲೆ ಕೆಟ್ಟಿತು, ಇವತ್ತಿಗೂ ಸರಿಯಾಗಿಲ್ಲ. ಹಿಟ್ಟಿನ ಮೇಲೆ ನಿಂತ ಕೈಯನ್ನು ಕಾಣಬಲ್ಲವನಿಗೆ, ಕೈ ಬೇರೆಯವಳದಾದರೆ ಕಾಣಲಿಲ್ಲವೇ? ಅಷ್ಟು ಪ್ರೀತಿಯಿಂದ ನೋಡಿದವನು ನೋಡಲೇ ಇಲ್ಲವೇ? ಕುರುಡನಾಗಿದ್ದರೆ ದ್ವೇಷಿಸುವುದು ಸುಲಭ. ಕಣ್ಣಿದ್ದವನಾಗಿದ್ದರೆ ಮೆಚ್ಚುವುದು ಸುಲಭ. ಇವನು ಎರಡೂ. ಇಂಥವನ ಮೇಲೆ ಘೋಷಣೆ ಬರೆಯುವುದು ಹೇಗೆ? ಫಲಕದಲ್ಲಿ ಅಷ್ಟು ಜಾಗ ಇರುವುದಿಲ್ಲ.

ಮತ್ತೆ ಇವರಿಬ್ಬರು. ನಾನು ಊರೂರಲ್ಲಿ ಹೇಳಿದ್ದು, ಅವ್ವನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು, ಅವಮಾನ ಮಾಡಿದರು, ಅವಳು ಬಲಿ. ಅವಮಾನ ಸುಳ್ಳಲ್ಲ, ಮೇಲೆ ಬರೆದಿದ್ದೇನೆ. ಆದರೆ ಲಂಗ ಬದಲಾಯಿಸಿಕೊಂಡು ನಗುತ್ತಿದ್ದ ಆ ಹುಡುಗಿಯರು ಬಲಿಗಳಂತೆ ಕೇಳಿಸುವುದಿಲ್ಲ. ನಟಿಯರಂತೆ ಕೇಳಿಸುತ್ತಾರೆ. ಆ ಕೆಲಸವನ್ನು ಇಷ್ಟಪಟ್ಟವರಂತೆ. ನಾನು ಯಾರ ಪರವಾಗಿ ಬಾಗಿಲಿಗೆ ಅಡ್ಡ ನಿಂತಿದ್ದೆ?

ಎರಡನೆಯ ರೀಲಿನಲ್ಲಿ ಬಾವಿಯ ದೃಶ್ಯ. ಇಡೀ ಚಿತ್ರದಲ್ಲಿ ಅಂಟಿಸಿದ ದನಿ ಇಲ್ಲದ್ದು ಇದೊಂದೇ. ನೋರಾ ನೀರು ಸೇದುತ್ತಾ ತನ್ನ ಪಾಡಿಗೆ ನಮ್ಮ ಮಾತಿನಲ್ಲಿ ಏನೋ ಗೊಣಗುತ್ತಾಳೆ, ವೆನ್‌ಲಾಕನಿಗೆ ಅದು ಹಕ್ಕಿಯ ಸದ್ದಿನ ಹಾಗೆ ಕೇಳಿರಬೇಕು, ಬಿಟ್ಟಿದ್ದಾನೆ. ಅವಳ ಮುಖ ದೊಡ್ಡದಾಗಿ ಬರುತ್ತದೆ. ತುಟಿಯ ಮೇಲೆ ಬೆವರು. ಎಡಗೆನ್ನೆಯಲ್ಲಿ ನಗು ಅಡಗಿಸಿಕೊಂಡ ಗುಳಿ. ನೀರಿನ ಬೆಳಕು ಕೆಳಗಿನಿಂದ ಗಲ್ಲದ ಮೇಲೆ ಅಲ್ಲಾಡುತ್ತದೆ. ಅವಳು ಬಕೆಟ್ಟಿಗೆ ಬೈಯುತ್ತಾಳೆ:

"ಏ ಬಕೀಟೇ, ಆ ತುದೀಲಿ ಹಗ್ಗ ಹಿಡ್ಕೊಂಡೋನಿಗೆ ಹೇಳು, ನಿಂತ್ಕೊಂಡೇ ನಿದ್ದೆ ಹೊಡೀಬೇಡ ಅಂತ. ನೀರು ಬೇಕೋ ಬೇಡ್ವೋ ಅಂತ ಕೇಳು."

ತಮ್ಮನೊಡನೆ ನೇರ ಮಾತಾಡುವಂತಿಲ್ಲವಲ್ಲ. ಬಕೆಟ್ಟಿಗೋ ನಾಯಿಗೋ ಹೇಳಬೇಕು, ಅವನು ಕೇಳಿಸಿಕೊಳ್ಳಬೇಕು. ಆ ದಿನ ಚಿತ್ರಕ್ಕೆ ಕಾಣದ ಹಾಗೆ ಕಲ್ಲಿನ ಹಿಂದೆ ಹಗ್ಗದ ತುದಿ ಹಿಡಿದಿದ್ದವನು ಕ್ಲೆಮ್ ಮಾವ. ಹದಿನಾರು ಹದಿನೇಳರ ಹುಡುಗ.

ಇತ್ತ ಹಾಲ್‌ನಲ್ಲಿ ಮಾವನ ಬೆನ್ನು ಸೆಟೆಯಿತು. ಅವನು ತಿರುಗಲಿಲ್ಲ. ಕೈಯಲ್ಲಿದ್ದ ಮಗ್ಗಿನೊಳಕ್ಕೆ ಬಗ್ಗಿ, "ಹೇಳು ಅವಳಿಗೆ, ಎಳೀತಾನೇ ಇದೀನಿ ಅಂತ," ಎಂದ. ಆಮೇಲೆ ನಮ್ಮಿಬ್ಬರಿಗೆ ಕೇಳುವಂತೆ, "ಇದು ದೊಡ್ಡೋಳು," ಎಂದ.

ನಮ್ಮ ಅವ್ವ.

ಸಿನಿಮಾ ಮುಗಿಯಿತು. ಹೊರಗೆ ಬಿಸಿಲಿಗೆ ಬಂದು ಕೂತೆವು. ಬ್ರಯೋನಿ ಏನನ್ನೂ ಕೇಳದೆ ದೂರ ನಿಂತಿದ್ದಳು, ಅಷ್ಟು ಬುದ್ಧಿ ಇದೆ ಅವಳಿಗೆ. ಶೋಕ ಮುಗಿಯಿತಾ ಮಾವ ಎಂದು ಡಲ್ಸಿ ಕೇಳಿದಳು. ಅವನು ಕಡ್ಡಿಯಿಂದ ನೆಲದ ಮೇಲೆ ಮೂರು ಗೀಟು ಎಳೆದ.

"ಹೆಣ್ಮಕ್ಳು ಮೂರು ಜನ. ಇಲ್ಲಿರೋದು ಎರಡು. ಹೊತ್ಕೊಂಡು ಹೋದ್ರಲ್ಲ, ಆ ಕೂಸೂ ಬಂದು ನೋಡ್ಲಿ. ಮೂರು ಜನಾನೂ ಒಂದೇ ಮಾತು ಹೇಳಿ. ಆಮೇಲೆ ನಾನು ಹೇಳ್ತೀನಿ."

ನಲವತ್ತು ದಾಟಿದ ನಿನ್ನನ್ನು ಅವನು ಕೂಸು ಎನ್ನುತ್ತಾನೆ. ಬಂದಾಗ ಬೇಜಾರು ಮಾಡಿಕೊಳ್ಳಬೇಡ.

ಡಲ್ಸಿ ಒಪ್ಪುತ್ತಾಳೆ. ನೀನು ಒಪ್ಪುತ್ತೀಯ, ಗೊತ್ತು. ಅಡ್ಡ ಬರುವುದಾದರೆ ನಾನೇ. ನನ್ನ ಜೊತೆ ಫಲಕ ಹಿಡಿದ ಸಂಘದ ಗೆಳತಿಯರು ನಿನ್ನೆ ಬಂದು, "ಮರ್ಟಲ್, ಯಾವ ಕಡೆ ನೀನು?" ಎಂದು ಕೇಳಿದರು. ಬೇಡ ಎಂದರೆ ಆ ಇಬ್ಬರ ಕೆಲಸವನ್ನು ಎರಡನೇ ಸಲ ಹೂಳಿದಂತೆ. ಬೇಕು ಎಂದರೆ ಮುರಿದ ಮಾತುಗಳನ್ನೆಲ್ಲ ಚಂದದ ಬೆಳಕಿನಲ್ಲಿ ತೊಳೆದುಕೊಟ್ಟಂತೆ. ಗೆಳತಿಯರಿಗೆ ಚಹಾ ಕೊಟ್ಟು ಕಳಿಸಿದೆ.

ರಾತ್ರಿ ಬಸ್ಸಿಗೆ ಹತ್ತು. ದಪ್ಪ ಕೋಟು ತಾ, ಬೆಳಗಿನ ಚಳಿ ಮೂಳೆ ಕಚ್ಚುತ್ತದೆ. ಕಾಂಗರೂ ಬಾಲ ಸುಟ್ಟು ಇಟ್ಟಿರುತ್ತೇನೆ. ಬಸ್ ಸ್ಟ್ಯಾಂಡಿಗೆ ಡಲ್ಸಿ ಆ ಹಳದಿ ಕಾರಿನಲ್ಲಿ ಬರುತ್ತಾಳೆ, ಅದರ ಬಣ್ಣದ ಬಗ್ಗೆ ಏನೂ ಅನ್ನಬೇಡ.

ನಿನ್ನ ಅಕ್ಕ,
ಮರ್ಟಲ್

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಬಾವಿಯ ದೃಶ್ಯವನ್ನು ನಾನು ನೋಡಲಿಲ್ಲ. ಬೆವರು, ಕೆನ್ನೆಯ ಗುಳಿ, ಗಲ್ಲದ ಮೇಲಿನ ಬೆಳಕು, ಎಲ್ಲ ಡಲ್ಸಿ ಆಮೇಲೆ ಹೇಳಿದ್ದು. ಆ ಹೊತ್ತಿಗೆ ನಾನು ಪರದೆಗೆ ಬೆನ್ನು ಹಾಕಿ, ಸಹಿಯ ವಿಷಯಕ್ಕೆ ಅವಳ ಜೊತೆ ಜಗಳವಾಡುತ್ತಿದ್ದೆ. ಮಾವ ಹೇಳಿದ್ದು ಕೇಳಿ ತಿರುಗುವಷ್ಟರಲ್ಲಿ ಫೇರ್‌ಲಿಯ ಹುಬ್ಬು ಬಂದಿತ್ತು. ಉಳಿದ ಚಿತ್ರವೆಲ್ಲ ಕಣ್ಣು ಕೀಲಿಸಿ ನೋಡಿದೆ. ಯಾವುದು ಅವ್ವ, ಯಾವುದು ಚಿಕ್ಕವ್ವ, ನನಗೆ ಗೊತ್ತಾಗಲಿಲ್ಲ. ಎಂಟು ವರ್ಷದವಳಿದ್ದಾಗ ಅವ್ವ ಹೋದಳು, ಆಮೇಲೆ ಸಾಕಿದವಳು ಚಿಕ್ಕವ್ವ, ಒಂದು ಮುಖದ ಮೇಲೆ ಇನ್ನೊಂದು ಕೂತುಬಿಟ್ಟಿದೆ. ವೆನ್‌ಲಾಕನನ್ನು ಬೈದೆನಲ್ಲ, ನಾನೂ ಅಷ್ಟೇ. ಯಾರಿಗೂ ತೋರಿಸಬೇಡಿ ಎಂದು ಇಷ್ಟು ವರ್ಷ ನಾನು ಕಾಯ್ದ ಆ ಮುಖ ನನಗೇ ನೆನಪಿಲ್ಲ. ನಿನಗೆ ಬೇಕಾದದ್ದೇ ನನಗೂ ಬೇಕು, ಕೋರಲಿ. ನನ್ನ ಪಕ್ಕದಲ್ಲೇ ಕೂರು, ನಾನು ಬಾಯಿ ತೆರೆದರೆ ಮುಚ್ಚಿಸು. ಬ್ರಯೋನಿ ಆ ರೀಲನ್ನು ಮತ್ತೆ ತರುತ್ತಾಳೆ. ಕ್ಯಾಂಪಿನ ಹಾಲ್, ಶನಿವಾರ, ಜೂನ್ 29, ಬೆಳಿಗ್ಗೆ ಹತ್ತು ಗಂಟೆ.